ಬಾಗಿಲ ಮುಂದಿನ ತ್ರಿಭುಜ

ನಮ್ಮ ಮನೆ ಬಾಗಿಲ ಮುಂದೆ ಇರುವುದು ಸ್ಟಿಕ್ಕರ್ ರಂಗೋಲಿ. ಬರೆಯುವ ಕೆಲಸವೂ ಇಲ್ಲ, ಅಳಿಸುವ ಕೆಲಸವೂ ಇಲ್ಲ; ನನ್ನಂಥ ಸೋಮಾರಿಗಳಿಗೆ ದೇವರು ಕೊಟ್ಟ ವರ. ಇವತ್ತು ಬೆಳಿಗ್ಗೆ ಅದರ ಒಂದು ಮೂಲೆ ಎದ್ದು ಕಾಲಿಗೆ ಸಿಕ್ಕಿತು. ಬಗ್ಗಿ ಒತ್ತುತ್ತಿರುವಾಗ ಒಳಗಿನಿಂದ ಅಕ್ಕನ ಮಗಳ ಗೊಣಗಾಟ ಕೇಳಿಸಿತು. ಹತ್ತನೇ ತರಗತಿಯ ಹುಡುಗಿ, ಓದಲೆಂದು ದೇವನಹಳ್ಳಿಯ ನಮ್ಮ ಮನೆಯಲ್ಲಿದ್ದಾಳೆ. "ಟ್ಯಾಬಲ್ಲಿ ನೋಟ್ಸ್ ಎಲ್ಲಾ ಇದೆ ಚಿಕ್ಕಮ್ಮ, ತಲೇಲಿ ಮಾತ್ರ ಏನೂ ಇಲ್ಲ" ಎಂದಳು. ನನಗೆ ನಗು ಬಂತು. ಯಾಕೆ ಅಂತೀರಾ, ಹೇಳುತ್ತೇನೆ.

ಏರ್‌ಪೋರ್ಟ್ ಶುರುವಾಗಿ ಕೆಲವು ವರ್ಷ ಕಳೆದಿದ್ದ ಕಾಲ. ನಮ್ಮೂರಿನ ಹೈಸ್ಕೂಲು ವಿಮಾನಗಳು ಇಳಿಯುವ ದಾರಿಯ ಕೆಳಗೇ ಇತ್ತು. ಯಾವುದೋ ಕಂಪನಿಯವರು ಬಂದು ಒಂದಷ್ಟು ಟ್ಯಾಬ್ ಕೊಟ್ಟು, ಫೋಟೋ ತೆಗೆಸಿಕೊಂಡು ಹೋದರು. ನಮ್ಮ ಗಣಿತದ ಮೇಡಂ ಅವನ್ನು ಬೀರುವಿನಲ್ಲಿಟ್ಟು ಬೀಗ ಹಾಕುವ ಪೈಕಿಯವರಲ್ಲ. "ಬೋರ್ಡಿಂದ ಪುಸ್ತಕಕ್ಕೆ ಇಳಿಸ್ಕೊಳ್ತೀರ, ನಡುವೆ ತಲೆ ಅನ್ನೋದು ಒಂದಿದೆ, ಅದನ್ನ ಮುಟ್ಟೋದೇ ಇಲ್ಲ. ಇನ್ಮೇಲೆ ನನ್ನ ಕ್ಲಾಸಲ್ಲಿ ಯಾರೂ ನೋಟ್ ಬುಕ್ ತೆಗೀಬಾರ್ದು, ಏನಿದ್ರೂ ಟ್ಯಾಬಲ್ಲೇ" ಎಂದುಬಿಟ್ಟರು.

ನಾನು ಆಗ ಹತ್ತನೇ ತರಗತಿಯ 'ಪಾಸಿಂಗ್ ಪ್ಯಾಕೇಜ್' ಗುಂಪಿನವಳು. ಅರ್ಧವಾರ್ಷಿಕದಲ್ಲಿ ಮುಗ್ಗರಿಸಿದವರನ್ನು ಹಿಂದಿನ ಬೆಂಚಿನಲ್ಲಿ ಕೂರಿಸಿ, ಪಾಸಾಗಲು ಸಾಕಾಗುವಷ್ಟನ್ನೇ ಕಲಿಸುವ ಏರ್ಪಾಡು ಅದು. ಗ್ರಾಫ್ ಉಂಟು, ಪ್ರಮೇಯ ಇಲ್ಲ. "ನಿಮಗೆ ಪ್ರಮೇಯ ಬೇಡ ಬಿಡ್ರಮ್ಮ" ಎಂದು ಮೇಡಂ ಪ್ರೀತಿಯಿಂದಲೇ ಹೇಳಿದ್ದರು. ಆ 'ಬೇಡ ಬಿಡಿ' ಬೈಗುಳಕ್ಕಿಂತ ಹೆಚ್ಚು ಉರಿಯಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಪ್ರಮೇಯ ಬರೆದೇ ತೀರುತ್ತೇನೆ, ಆ ಬೆಂಚಿನಿಂದ ಎದ್ದು ಬರುತ್ತೇನೆ ಎಂದು ಹಟ ಹಿಡಿದೆ. ಲೆಕ್ಕ ಬರದವರಿಗೆ ಹಟವಾದರೂ ಇರಬೇಕಲ್ಲ.

ಟ್ಯಾಬಿನ ಮೇಲೆ ಬೆರಳಲ್ಲಿ ಬರೆಯಬೇಕು. ನನ್ನ ಬೆರಳು ಮುದ್ದೆ ಮುರಿಯಲು ಹುಟ್ಟಿದ್ದು. ವರ್ಗದ ಎರಡನ್ನು ಅಕ್ಷರದ ನೆತ್ತಿಯ ಮೇಲೆ ಕೂರಿಸಿದರೆ ಅದು ಜಾರಿ ಪಕ್ಕಕ್ಕೆ ಬಂದು ನಿಲ್ಲುತ್ತಿತ್ತು. ಅದನ್ನು ಬಿಟ್ಟು ಬೋರ್ಡಿನ ಫೋಟೋ ಹಿಡಿದೆ. ಮುಂದಿನ ಬೆಂಚಿನವರ ಜಡೆಗಳು ಬಹಳ ಚೆನ್ನಾಗಿ ಬಂದವು. ಕೊನೆಗೆ ಪಾಠವನ್ನೇ ರೆಕಾರ್ಡ್ ಮಾಡಿ, ಅಪ್ಪನ ಫೋನಿಗೆ ಹಾಕಿಸಿಕೊಂಡು ಮನೆಯಲ್ಲಿ ಕೇಳಿದೆ. ಲಂಬಕೋನ ತ್ರಿಭುಜದ ಪ್ರಮೇಯ. "ಬಿ ಇಂದ ಎಸಿಗೆ ಒಂದು ಲಂಬ ಎಳೀತೀವಿ. ಯಾಕೆ ಎಳೀತೀವಿ ಅಂದ್ರೆ..." ಅಷ್ಟರಲ್ಲಿ ವಿಮಾನ. ಅದು ಹೋದ ಮೇಲೆ "ಅರ್ಥ ಆಯ್ತಾ?" ಎಂಬ ಮೇಡಂ ದನಿ, "ಆಯ್ತು ಮಿಸ್" ಎಂಬ ಇಡೀ ತರಗತಿಯ ಉತ್ತರ. ಅದರಲ್ಲಿ ನನ್ನ ದನಿಯೂ ಇತ್ತು.

ಬೆಳಿಗ್ಗೆ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವುದು ನನ್ನ ಪಾಲಿನ ಕೆಲಸ. ಮಾರನೆಯ ದಿನ ಚುಕ್ಕಿ ಇಡಲು ಬಗ್ಗಿದವಳು ತ್ರಿಭುಜವನ್ನೇ ಬಿಟ್ಟೆ. ಬೆರಳ ಸಂದಿಯಿಂದ ಪುಡಿ ಇಳಿದು ಗೆರೆ ನೇರವಾಗಿ ಬಂತು. ಮೂಲೆಗಳಿಗೆ ಇಂಗ್ಲಿಷ್ ಅಕ್ಷರ, ನಡುವೆ ಲಂಬ, ಕೋನಗಳಿಗೆ ಗುರುತಾಗಿ ಅರಿಶಿನ, ಕುಂಕುಮ. ಅಲ್ಲೇ ಯಡವಟ್ಟಾಯಿತು. ಕ್ಯಾನ್ ಹಿಡಿದು ಡೈರಿಗೆ ಹಾಲು ಹಾಕಲು ಹೊರಟಿದ್ದ ಎದುರು ಮನೆ ಮುನಿವೆಂಕಟಮ್ಮ, ಬೀದಿಯವರೆಗೂ ಚಾಚಿದ್ದ ನನ್ನ ತ್ರಿಭುಜದ ಮುಂದೆ ಗಕ್ಕನೆ ನಿಂತರು.

"ಏನೇ ಇದು? ಮೂರ್ ಮೂಲೆ ಬರ್ದು, ಅಕ್ಸರ ಹಾಕಿ, ಅರಿಶಿನ ಕುಂಕುಮ ಬೇರೆ ಇಟ್ಟಿದೀಯ. ಯಾರ್ ಮೇಲೆ ಮಾಡ್ಸಿರೋದು?"

ಅಮ್ಮ ಒಳಗಿನಿಂದ ಓಡಿ ಬಂದಳು. "ಮಾಟ ಅಲ್ಲ ಕಣಕ್ಕ, ಲೆಕ್ಕ."

"ಎರಡೂ ತಲೆ ಕೆಡ್ಸೋವೇ ತಗೋ. ಈ ನಡುವಿನ ಗೆರೆ ಯಾಕೆ ಹಾಕ್ದೆ? ಅದನ್ನ ಹೇಳು, ದಾಟ್ತೀನಿ."

ವಿಮಾನ ನುಂಗಿದ್ದು ಇದಕ್ಕಿದ್ದ ಉತ್ತರವನ್ನೇ. "ಮೇಡಂ ಹಾಕಿದ್ರು ದೊಡ್ಡಮ್ಮ" ಎಂದೆ. ಅವರು ಹುಲ್ಲಿನ ಮೆದೆಯ ಕಡೆಯಿಂದ ಸುತ್ತಿಕೊಂಡು ಹೋದರು. ನಾಳೆಯಿಂದ ಚುಕ್ಕಿ ರಂಗೋಲಿ ಬಿಡು ಎಂದು ಅಮ್ಮ ಬೈದಳು. ನಾನು ಮರುದಿನವೂ ತ್ರಿಭುಜ ಬಿಟ್ಟೆ, ಅದರ ಮರುದಿನವೂ. ಅವರು ಅದನ್ನೇ ಕೇಳುತ್ತಿದ್ದರು, ಸುತ್ತಿಕೊಂಡೇ ಹೋಗುತ್ತಿದ್ದರು. ಒಂದು ಬೆಳಿಗ್ಗೆ ಸಮವಾದ ಕೋನಗಳಿಗೆ ಅರಿಶಿನ ಇಡುತ್ತಾ ಇಡುತ್ತಾ ಕೈ ನಿಂತಿತು. ಅವರು ಬರುವುದನ್ನೇ ಕಾದೆ.

"ಈ ಗೆರೆ ಹಾಕಿದ್ರೆ ದೊಡ್ಡದರೊಳಗೆ ಎರಡು ಚಿಕ್ಕವು ಹುಟ್ಕೊಳ್ತವೆ ದೊಡ್ಡಮ್ಮ. ಎರಡಕ್ಕೂ ದೊಡ್ಡದರ ಮುಖಾನೇ. ಇದರ ಅಳತೆಯಿಂದ ಅದರ ಅಳತೆ ಹೇಳ್ಬಹುದು. ಗೆರೆ ಇಲ್ದಿದ್ರೆ ಹೇಳಕ್ಕೇ ಆಗಲ್ಲ."

"ಹಂಗನ್ನು ಮತ್ತೆ" ಎಂದು ಮುನಿವೆಂಕಟಮ್ಮ ನೆರಿಗೆ ಎತ್ತಿ ಹಿಡಿದು, ತ್ರಿಭುಜ ದಾಟಿ ಡೈರಿಗೆ ಹೋದರು.

ಪರೀಕ್ಷೆಯಲ್ಲಿ ಅದೇ ಪ್ರಮೇಯ ಬಂತು. ಮೊದಲು ಡೆಸ್ಕಿನ ಮೇಲೆ ಬೆರಳಲ್ಲಿ ಒಮ್ಮೆ ಬಿಟ್ಟು ನೋಡಿ, ಆಮೇಲೆ ಬರೆದೆ. "ನಿನಗ್ಯಾರೇ ಇದನ್ನ ಹೇಳ್ಕೊಟ್ಟಿದ್ದು?" ಎಂದು ಮೇಡಂ ಪೇಪರ್ ಕೊಡುತ್ತಾ ಕೇಳಿದರು. "ಕೇಳಿದ್ದು ಎದುರು ಮನೆ ದೊಡ್ಡಮ್ಮ, ಹೇಳಿದ್ದು ನಾನೇ ಮಿಸ್" ಎಂದೆ. ತರಗತಿ ನಕ್ಕಿತು. ಮೇಡಂ ನಗಲಿಲ್ಲ, "ಬ್ಯಾಗ್ ತಗೊಂಡು ಮುಂದೆ ಬಾ" ಎಂದರು. ಆವತ್ತಿನಷ್ಟು ಸಂತೋಷ ಎಸ್ಸೆಸ್ಸೆಲ್ಸಿ ಪಾಸಾದಾಗಲೂ ಆಗಲಿಲ್ಲ.

ಇವತ್ತು, ಎದ್ದಿದ್ದ ರಂಗೋಲಿಯ ಮೂಲೆಯನ್ನು ಒತ್ತುವುದು ಬಿಟ್ಟು, ಹಿಡಿದು ಎಳೆದೆ. ಅರ್ಧ ಸ್ಟಿಕ್ಕರ್ ಬಂತು, ಉಳಿದರ್ಧವನ್ನು ಚಾಕುವಿನಿಂದ ಕೆರೆದೆ. ರಂಗೋಲಿ ಪುಡಿ ಹುಡುಕಿ ತಂದು ಹುಡುಗಿಯನ್ನು ಕರೆದೆ.

"ಇಲ್ಲೇನಾ? ಜನ ನೋಡ್ತಾರೆ ಚಿಕ್ಕಮ್ಮ."

"ನೋಡ್ಲಿ ಬಿಡು."

ನೋಡಿದರೂ ನಿಂತು ಕೇಳುವವರು ಈ ಬೀದಿಯಲ್ಲಿಲ್ಲ; ಎಲ್ಲರೂ ಹೆಲ್ಮೆಟ್ ಹಾಕಿಕೊಂಡು ಹೊರಟವರೇ. ಹುಡುಗಿ ಸೊಟ್ಟಸೊಟ್ಟಗೆ ತ್ರಿಭುಜ ಬಿಟ್ಟು, ಲಂಬವನ್ನೂ ಎಳೆದಳು. ನಾನು ಅಂಗಡಿಯಿಂದ ಹಾಲಿನ ಪ್ಯಾಕೆಟ್ ತಂದವಳು ಒಳಗೆ ಹೋಗದೆ ಗೆರೆಯ ಆಚೆಗೇ ನಿಂತೆ.

"ಈ ನಡುವಿನ ಗೆರೆ ಯಾಕೆ ಹಾಕ್ದೆ? ಅದನ್ನ ಹೇಳು, ದಾಟ್ತೀನಿ."