ಬಂಡೆಯ ಮೇಲೆ ನಿಂತವರು

ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಕ್ಯಾಂಟೀನ್ ನಡೆಸುತ್ತಿದ್ದ ನನ್ನ ಗಂಡನಿಗೆ ರಜೆಯೆಂಬುದೇ ಇರಲಿಲ್ಲ. ಮದುವೆಯಾಗಿ ಹನ್ನೊಂದು ವರ್ಷಕ್ಕೆ, ಭಂಡಾರ್‌ದರಾ ಸರೋವರದ ಸುತ್ತಲಿನ ಜಲಪಾತಗಳನ್ನು ತೋರಿಸಲು ಒಪ್ಪಿದರು. ಮಗಳನ್ನೂ ಕರೆದುಕೊಂಡು ಕಲ್ಯಾಣದಿಂದ ಕಸಾರಾ ಲೋಕಲ್ ರೈಲು ಹಿಡಿದು, ಅಲ್ಲಿಂದ ಜೀಪಿನಲ್ಲಿ ಘಾಟಿ ಹತ್ತಿದೆವು.

ಮೊದಲ ಜಲಪಾತಕ್ಕೆ ನಡೆಯುತ್ತಿದ್ದಾಗ ಅವರ ಮೊಬೈಲು ಬಡಿದುಕೊಂಡಿತು. ಮಾತು ಕೇಳುವಷ್ಟು ಸಿಗ್ನಲ್ ಸಿಗುತ್ತಿದ್ದುದು ದಾರಿ ಬದಿಯ ಒಂದು ಬಂಡೆಯ ಮೇಲೆ ಮಾತ್ರ. ಅದನ್ನು ಹತ್ತಿದವರು ಇಳಿಯಲೇ ಇಲ್ಲ.

"ಸಾಂಬಾರಿಗೆ ಹುಳಿ ಜಾಸ್ತಿ ಆದ್ರೆ ಬೆಲ್ಲ ಹಾಕು ಮಾರಾಯಾ, ನೀರಲ್ಲ!" ಎಂದು ಅಡುಗೆಯವನಿಗೆ ಕೂಗುತ್ತಿದ್ದರು.

"ಪಪ್ಪಾ, ಬಸ್ ಕರೋ ನಾ!" ಎಂದಳು ಮಗಳು, ಸಾಕು ಮಾಡಿ ಎಂದು ಹಿಂದಿಯಲ್ಲಿ.

"ಎರಡೇ ನಿಮಿಷ" ಎಂದರು.

ಅರ್ಧ ಗಂಟೆ ಕಾದು ನನಗೆ ರೋಸಿಹೋಯಿತು. ಮಗಳ ಕೈ ಹಿಡಿದು ನಡೆದೇಬಿಟ್ಟೆ. ಕೆಸರಿನಲ್ಲಿ ಎರಡು ಸಲ ಜಾರಿಬಿದ್ದೆ. ಮೂರು ಜಲಪಾತ ನೋಡಿದೆವು, ಕೊನೆಯದರ ಕೆಳಗೆ ಉಟ್ಟ ಬಟ್ಟೆಯಲ್ಲೇ ನಿಂತು ನೆನೆದೆವು.

ಮರಳಿದಾಗ ಅವರು ಅಲ್ಲೇ ಇದ್ದರು. ಮೊಬೈಲಿನ ಚಾರ್ಜ್ ಮುಗಿದಿತ್ತು.

"ನನ್ನನ್ನು ಬಿಟ್ಟು ಹೋದದ್ದಾ ನೀವು?"

"ಹೌದು. ಸಾಂಬಾರು ಸರಿಯಾಯ್ತಾ?"

ಅವರು ಬಂಡೆಯಿಂದ ಇಳಿದರು. ಜೀಪಿನವನು ಹಾರ್ನ್ ಹೊಡೆಯುತ್ತಿದ್ದ, ಅವರು ಜಲಪಾತ ನೋಡಲು ಇನ್ನು ಹೊತ್ತಿರಲಿಲ್ಲ. ಮುಂದಿನ ಮಳೆಗಾಲದಲ್ಲಿ ನಾನು ಅವರನ್ನು ಕೇಳುವ ಗೋಜಿಗೇ ಹೋಗಲಿಲ್ಲ, ತಾಯಿ ಮಗಳು ಇಬ್ಬರೇ ಹೊರಟೆವು.