ಖಾಲಿಯಿದ್ದಾಗ ವಾಲುವ ದೋಣಿ

ಬೆಳಗಿನ ಆರು ಗಂಟೆ. ಕಡಬದಿಂದ ಎರಡು ಮೈಲು ದೂರದ ದೋಣಿ ಕಡವಿನಲ್ಲಿ ಮಂಜು ಇನ್ನೂ ಕುಮಾರಧಾರೆಯ ಮೇಲೆಯೇ ಕೂತಿದೆ. ಕುಂಞಿ ಮೋನು ಮೊಣಕಾಲುದ್ದ ನೀರಿನಲ್ಲಿ ನಿಂತು, ತಾವು ಕಟ್ಟಿದ ಹೊಸ ದೋಣಿಯ ಹೊಟ್ಟೆಯನ್ನು ಅಂಗೈಯಿಂದ ತಟ್ಟುತ್ತಿದ್ದಾರೆ. ಹಲಗೆ ಸಡಿಲವಾದಲ್ಲಿ ಸದ್ದು ಬೇರೆ ಬರುತ್ತದಂತೆ. ನನ್ನ ಕಿವಿಗೆ ಎಲ್ಲ ಸದ್ದೂ ಒಂದೇ. ಕಣ್ಣಿಗೆ ಮಾತ್ರ ಒಂದು ಸಂಗತಿ ಬೀಳುತ್ತದೆ, ಬಿದ್ದ ಮೇಲೆ ಬೇರೇನೂ ಕಾಣುವುದಿಲ್ಲ. ದೋಣಿ ಓರೆಯಾಗಿ ನಿಂತಿದೆ.

"ಇದು ಹೀಗೇ ಇರುದಾ ಬ್ಯಾರಿಗಳೇ?" ಎಂದು ಕೇಳುತ್ತೇನೆ.

"ಖಾಲಿ ಇರುವಾಗ ಹೀಗೇ. ಜನ ಕೂತು ನಡುಹೊಳೆಗೆ ಹೋದ ಮೇಲೆ ನೋಡಿ ಮಾರಾಯ್ರೆ," ಎನ್ನುತ್ತಾರೆ ಅವರು, ತಲೆ ಎತ್ತದೆ.

ಜನ ಕೂರಬೇಕಲ್ಲ! ಇಡೀ ತಾಪತ್ರಯ ಇರುವುದೇ ಅಲ್ಲಿ. ಕಡವು ನಡೆಸುವ ತಾಲೂಕು ಬೋರ್ಡಿನವರು ಈ ದೋಣಿಗೆ ಕೊಟ್ಟದ್ದು ಮೂರು ದಿನ. ಸೋಮವಾರ ಹತ್ತಿದವರು ನಾಲ್ಕು ಮಂದಿ, ನಿನ್ನೆ ಒಂಬತ್ತು. ಇವತ್ತು ಬುಧವಾರ, ಕೊನೆಯ ದಿನ. ಒಂದು ಸಲವಾದರೂ ದೋಣಿ ತುಂಬದಿದ್ದರೆ ಹಲಗೆ ಬಿಚ್ಚಿ ಹರಾಜು ಹಾಕುತ್ತಾರೆ.

ಆಚೆ ದಡದಿಂದ ಏಳೂವರೆಗೆ ಪುತ್ತೂರಿನ ಬಸ್ಸು ಹೊರಡುತ್ತದೆ. ಕೋರ್ಟಿನ ಗುಮಾಸ್ತರು, ಹೈಸ್ಕೂಲಿನ ಮಕ್ಕಳು, ಅಲ್ಲಿನ ದರ್ಬೆಯ ಅಂಗಡಿಗಳಲ್ಲಿ ಕೆಲಸಕ್ಕಿರುವವರು, ಬೀಡಿ ಕಟ್ಟಿ ಒಯ್ಯುವ ಹೆಂಗಸರು, ಹೀಗೆ ದಿನವೂ ನೂರ ಇಪ್ಪತ್ತು ಜನ ಈ ಹೊಳೆ ದಾಟುತ್ತಾರೆ. ಹಳೆಯ ದೋಣಿಯಲ್ಲಿ ಕೂರುವುದು ಎಂಟೇ ಮಂದಿ. ಅದು ಹದಿನೈದು ಸಲ ಹೋಗಿ ಬರುವಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಮೋನು ಅವರ ದೋಣಿಯಲ್ಲಿ ಮೂವತ್ತು ಜನ ಹಿಡಿಯುತ್ತಾರೆ. ನಾಲ್ಕೇ ಸಲಕ್ಕೆ ಕಡವು ಖಾಲಿ.

ಆದರೂ ಜನ ಹಳೆಯ ದೋಣಿಗೇ ಸಾಲು ನಿಂತಿದ್ದಾರೆ. ಹಾಲು ಕುಡಿದು ಬಾಯಿ ಸುಟ್ಟುಕೊಂಡವರು ಮಜ್ಜಿಗೆಯನ್ನೂ ಊದಿ ಕುಡಿಯುತ್ತಾರೆ, ಅವರನ್ನು ದೂರುವಂತಿಲ್ಲ.

ಮೋನು ಅವರಿಗೆ ಐವತ್ತೆರಡು ವರ್ಷ. ಊರು ಮಂಡೆಕೋಲು. ದೋಣಿಯ ಕೆಲಸ ಕಲಿತದ್ದು ಸೋದರಮಾವ ಆದಂ ಕುಂಞಿಯವರಿಂದ, ಪಯಸ್ವಿನಿಯ ದಡದಲ್ಲಿ. ನಕ್ಷೆ ಓದಲು ಬಾರದು. ಅಡಿಕೆ ಹಾಳೆಯನ್ನು ಮಡಚಿ, ಹೊಲಿದು, ಗೇಣುದ್ದದ ದೋಣಿ ಮಾಡಿ, ಅದರಲ್ಲಿ ಜನರ ಬದಲು ಕಲ್ಲು ಕೂರಿಸಿ ತೊಟ್ಟಿಯ ನೀರಿನಲ್ಲಿ ಬಿಡುತ್ತಾರೆ. ಕಲ್ಲು ಮುಳುಗದಿದ್ದರೆ ಮರಕ್ಕೆ ಕೈ ಹಚ್ಚುತ್ತಾರೆ.

ಕಳೆದ ವರ್ಷ, ಅಂದರೆ 1962ರಲ್ಲಿ, ಇದೇ ಕಡವಿಗೆ ಅವರು ಮೊದಲ ದೊಡ್ಡ ದೋಣಿ ಕಟ್ಟಿದರು. ಎರಡೂ ಬದಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ದೋಣಿ. ಮೊದಲ ದಿನ ಇಪ್ಪತ್ತಾರು ಜನ ಹತ್ತಿದರು. ನಡುಹೊಳೆಗೆ ಬಂದದ್ದೇ ತಡ, ಹೆಚ್ಚುಕಮ್ಮಿ ಅಷ್ಟೂ ಜನ ಒಂದೇ ಬದಿಗೆ ಬಗ್ಗಿದರು. ದೋಣಿ ಮುಗುಚಿತು.

ಬಗ್ಗಿದ್ದು ಏಕೆ? ಈ ನೀರು ಸುಬ್ರಹ್ಮಣ್ಯ ಕ್ಷೇತ್ರದ ಕಡೆಯಿಂದ ಹರಿದು ಬರುವಂಥದ್ದು. ನಡುಹೊಳೆಯಲ್ಲಿ, ನೀರು ಬರುವ ಬದಿಗೆ ಬಗ್ಗಿ, ಒಂದು ಬೊಗಸೆ ಎತ್ತಿ ತಲೆಗೆ ಚಿಮುಕಿಸಿಕೊಳ್ಳುವುದು ಇಲ್ಲಿಯವರ ಅಭ್ಯಾಸ. ಎಂಟು ಜನರ ದೋಣಿ ಅದನ್ನು ತಡೆದುಕೊಂಡಿತ್ತು.

"ನಮ್ಮ ಪಯಸ್ವಿನಿಯಲ್ಲಿ ಕೂತವರು ಕೂತಲ್ಲೇ ಇರುದು," ಎನ್ನುತ್ತಾರೆ ಮೋನು. "ನಾನು ಹೊಳೆ ನೋಡಿದೆ, ಮರ ನೋಡಿದೆ. ಜನರನ್ನು ನೋಡ್ಲಿಲ್ಲ."

ಮರಳದಿಬ್ಬ ಹತ್ತಿರವಿದ್ದುದರಿಂದ ಯಾರ ಜೀವವೂ ಹೋಗಲಿಲ್ಲ. ಆದರೆ ಬೀಡಿಯ ದುಗ್ಗಮ್ಮನವರ ಒಂದು ವಾರದ ದುಡಿಮೆ ಹೊಳೆಪಾಲಾಯಿತು. ಬ್ಯಾರಿಯ ದೋಣಿಗೆ ಇನ್ನು ಕಾಲಿಡುವುದಿಲ್ಲ ಎಂದು ಅವರು ದಡದಲ್ಲೇ ನಿಂತು ಹೇಳಿದರು. ಊರು ಅದನ್ನೇ ಹಿಡಿಯಿತು. ಮೋನು ಅವರಿಗೆ ಆಮೇಲೆ ಸಿಕ್ಕಿದ್ದು ದನಗಳು ನೀರು ಕುಡಿಯುವ ಮರದ ಮರಿಗೆ ಕೆತ್ತುವ ಕೆಲಸ.

"ಮರಿಗೆ ಮುಗುಚಿದ್ರೆ ದನ ಬಯ್ಯುದಿಲ್ಲ," ಎಂದು ನಗುತ್ತಾರೆ. ಹೆಂಡತಿ ಹವ್ವಮ್ಮ ಆ ವರ್ಷವಿಡೀ ಅವರು ನಕ್ಕದ್ದನ್ನು ಕಂಡಿಲ್ಲವಂತೆ.

ಕುಣಿಯಲಾರದವಳು ನೆಲ ಡೊಂಕು ಎಂದಂತೆ ಅವರು ಜನರನ್ನು ದೂರಬಹುದಿತ್ತು. ದೂರಲಿಲ್ಲ. ಎಂಟು ದಿನ ಕಡವಿನಲ್ಲಿ ಕೂತು, ಎಷ್ಟು ಜನ ಬಗ್ಗುತ್ತಾರೆಂದು ಎಣಿಸಿದರು. ಹತ್ತರಲ್ಲಿ ಎಂಟು ಮಂದಿ. ಬಗ್ಗಬಾರದೆಂದು ದೋಣಿಯ ಅಂಚಿಗೆ ಫಲಕ ಹಾಕಿಸುವ ಎಂದರು ಬೋರ್ಡಿನ ಓವರ್‌ಸಿಯರ್ ಉದಯಶಂಕರ.

"ಅದನ್ನು ಓದ್ಲಿಕ್ಕೆ ಪುನಃ ಬಗ್ಗುದು!" ಎನ್ನುತ್ತಾರೆ ಮೋನು. "ಹಲಗೆ ಬಗ್ಗಿಸುದು ನನಗೆ ಗೊತ್ತುಂಟು ಸ್ವಾಮಿ. ಜನರನ್ನು ಬದಲು ಮಾಡ್ಲಿಕ್ಕೆ ನಾನು ಯಾರು?"

ಅವರು ದೋಣಿಯನ್ನೇ ಬದಲು ಮಾಡಿದರು. ಹೊಸ ದೋಣಿಗೆ ಎರಡು ತುದಿಯೂ ಮೂತಿಯೇ. ಅದು ತಿರುಗುವುದಿಲ್ಲ, ಹೋದ ಹಾಗೆಯೇ ಹಿಂದಕ್ಕೆ ಬರುತ್ತದೆ. ಹಾಗಾಗಿ ನೀರು ಬರುವ ಬದಿ ಯಾವಾಗಲೂ ಒಂದೇ. ಆ ಬದಿಯ ಹೊಟ್ಟೆಯನ್ನು ಅವರು ಒಂದು ಗೇಣು ಉಬ್ಬಿಸಿ ಕಟ್ಟಿದ್ದಾರೆ. ಜನ ಎಷ್ಟು ಬಗ್ಗಿದರೂ ಆ ಹೊಟ್ಟೆ ಹೊರುತ್ತದೆ. ಬಗ್ಗುವವರಿಲ್ಲದಾಗ ದೋಣಿ ಇನ್ನೊಂದು ಬದಿಗೆ ವಾಲುತ್ತದೆ.

ಆರೂಮುಕ್ಕಾಲಕ್ಕೆ ದುಗ್ಗಮ್ಮ ಬರುತ್ತಾರೆ, ಬೀಡಿಯ ಕಟ್ಟನ್ನು ಎದೆಗೆ ಅವುಚಿಕೊಂಡು. ಹಳೆಯ ದೋಣಿ ಆಗಷ್ಟೇ ಬಿಟ್ಟಿದೆ. ಅವರು ಓರೆ ದೋಣಿಯನ್ನು ನೋಡುತ್ತಾರೆ. ಸಾಲಿನಲ್ಲಿದ್ದವರೆಲ್ಲ ಅವರನ್ನು ನೋಡುತ್ತಾರೆ.

"ಎಂತ ಬ್ಯಾರಿ, ಈ ಸಲ ಮುಳುಗಿಸಿಯೇ ಕಟ್ಟಿದ್ದಾ?"

ಯಾರೋ ನಗುತ್ತಾರೆ. ಮೋನು ನಗುವುದಿಲ್ಲ.

"ಹೋದ ಸಲ ತಪ್ಪು ನನ್ನದು ದುಗ್ಗಮ್ಮ. ನೀವು ಬಗ್ಗುದು ನನಗೆ ಗೊತ್ತಿರ್ಲಿಲ್ಲ. ಇದು ಬಗ್ಗುವವರಿಗೇ ಕಟ್ಟಿದ್ದು."

"ಬಗ್ಗದಿದ್ರೆ?"

"ಬಗ್ಗದಿದ್ರೆ ಹೀಗೇ ಓರೆ ಇರ್ತದೆ."

ತಪ್ಪು ತಮ್ಮದೆಂದ ಮೋನು ಅವರನ್ನು ದುಗ್ಗಮ್ಮ ಒಮ್ಮೆ ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಆಮೇಲೆ ಸೀರೆಯ ನೆರಿಗೆ ಎತ್ತಿ ಹಿಡಿದು ಹತ್ತುತ್ತಾರೆ. ಅವರ ಹಿಂದೆ ಬೀಡಿ ಕಟ್ಟುವ ಚೆನ್ನು, ಅವರ ಹಿಂದೆ ಗುಮಾಸ್ತರು, ಮಕ್ಕಳು. ಉದಯಶಂಕರ ದಡದಿಂದ ಎಣಿಸುತ್ತಾರೆ, ಇಪ್ಪತ್ತೊಂಬತ್ತು. ಮೂವತ್ತನೆಯವನು ನಾನು. ನನಗೆ ಈಜು ಬಾರದು, ಹೆದರಿಕೆಯಾಯಿತೆಂದು ಹೇಳಲು ನಾಚಿಕೆಯೂ ಇಲ್ಲ.

ಅಂಬಿಗ ಐತಪ್ಪ ಬಿದಿರಿನ ಗಳ ಊರುತ್ತಾರೆ. ನಡುಹೊಳೆ ಬರುತ್ತದೆ. ಯಾರೂ ಬಗ್ಗುವುದಿಲ್ಲ, ದೋಣಿ ಓರೆಯಾಗಿಯೇ ಸಾಗುತ್ತದೆ. ಆಗ ದುಗ್ಗಮ್ಮ ಒಂದು ಕೈಯಲ್ಲಿ ಕಟ್ಟನ್ನು ಅವುಚಿ, ಇನ್ನೊಂದನ್ನು ಹೊಳೆಗೆ ಚಾಚುತ್ತಾರೆ. ಮತ್ತೊಂದು ಕೈ ಚಾಚುತ್ತದೆ, ಮತ್ತೊಂದು. ಕೊನೆಗೆ ಎಲ್ಲರೂ ಬಗ್ಗುತ್ತಾರೆ. ದೋಣಿ ನಿಧಾನಕ್ಕೆ ನೆಟ್ಟಗಾಗುತ್ತದೆ. ನೀರು ಅಂಚಿನಿಂದ ಒಂದು ಗೇಣು ಕೆಳಗೇ ಉಳಿಯುತ್ತದೆ.

ದುಗ್ಗಮ್ಮ ತಲೆಗೆ ನೀರು ಚಿಮುಕಿಸಿಕೊಳ್ಳುತ್ತಾರೆ, ಅಂಚನ್ನೊಮ್ಮೆ ನೋಡುತ್ತಾರೆ. ಅನಂತರ ಎದೆಯ ಮೇಲಿನ ಬೀಡಿಯ ಕಟ್ಟನ್ನು ದೋಣಿಯ ಹಲಗೆಯ ಮೇಲೆ ಇಳಿಸಿ ಇಡುತ್ತಾರೆ.

ನಾನು ಅದೇ ದೋಣಿಯಲ್ಲಿ ಹಿಂದಿರುಗಿ ಬಂದಾಗ ಮೋನು ಅದೇ ನೀರಿನಲ್ಲಿ ನಿಂತಿದ್ದಾರೆ. ದುಗ್ಗಮ್ಮ ಕಟ್ಟನ್ನು ಇಳಿಸಿಟ್ಟ ಸಂಗತಿ ಹೇಳುತ್ತೇನೆ.

"ಕೆಳಗೆ ಇಟ್ರಾ?" ಎನ್ನುತ್ತಾರೆ. ಮತ್ತೆ, "ಅವರೇ ಕೆಳಗೆ ಇಟ್ರಾ?"

ಹೌದೆನ್ನುತ್ತೇನೆ. ಅವರು ದೋಣಿಯ ಉಬ್ಬಿದ ಹೊಟ್ಟೆಯನ್ನು ಇನ್ನೊಮ್ಮೆ ತಟ್ಟುತ್ತಾರೆ.

"ಇನ್ನು ನಡುಹೊಳೆಯಲ್ಲಿ ಅವರಿಗೆ ಹೆದರಿಕೆ ಹೋಗಿ ಆಕಳಿಕೆ ಬರ್ಬೇಕು," ಎನ್ನುತ್ತಾರೆ. "ಅಷ್ಟಾದ್ರೆ ನನಗೆ ಸಾಕು."