ಕೆರೆಬಾಗಿಲ ಕಲ್ಲು

ಕೆರೆಬಾಗಿಲ ಮೇಲಿನ ಉರ್ದು ಕಲ್ಲನ್ನು ನಾನು ಸುಳ್ಳು ಓದಿದೆ, ಭೀಮವ್ವ. ಓದಲು ಬಾರದೆ ಅಲ್ಲ — ಚೆನ್ನಾಗಿ ಓದಿಕೊಂಡು, ಅರ್ಥ ಮಾಡಿಕೊಂಡು, ಆಮೇಲೆ ಸುಳ್ಳು ಹೇಳಿದೆ.

ಶಹಾಪುರದಾಚೆ ಕೆರೆ ದಂಡೆಯಲ್ಲಿದ್ದ ಜಾಗೀರದಾರರ ಕೋಟೆಮನೆ ಹೋಟೆಲಾಗುತ್ತಿದ್ದ ಕಾಲ ಅದು. ನಿಜಾಮರ ಆಡಳಿತ ಮುಗಿದಿತ್ತು, ಜಾಗೀರದಾರರು ಹೈದರಾಬಾದು ಸೇರಿದ್ದರು. ಕಚೇರಿಯಿಂದ ಉರ್ದು ಹೊರಬಿದ್ದು ಕನ್ನಡ ಒಳಬರುತ್ತಿತ್ತು. ಉರ್ದು ಗುಮಾಸ್ತನಾದ ನಾನು ಹೊಸ್ತಿಲ ಮೇಲೆ ಹಳೆಯ ಕಾಲ್ಜೋಡಿನ ಹಾಗೆ ಬಿದ್ದಿದ್ದೆ. ಅಂಥವನನ್ನು ಹೋಟೆಲಿನ ಮಾಲೀಕ ಕರೆದು, ಕೋಟೆಯ ಇತಿಹಾಸ ಬರೆದುಕೊಡಿ, ಗಾಜು ಹಾಕಿಸಿ ಗೋಡೆಗೆ ತೂಗುಹಾಕುತ್ತೇನೆ, ಕೆಳಗೆ ನಿಮ್ಮ ಹೆಸರಿರುತ್ತದೆ ಎಂದ. ಹೆಸರು — ನನ್ನ ಘನ ವಿದ್ವತ್ತಿಗೆ ಇನ್ನೇನು ಬೇಕು.

ಬರೆದೆ. ಬೆಕ್ಕು ಅಡ್ಡ ಬಂದರೆ ಪಲ್ಲಕ್ಕಿ ತಿರುಗಿಸುತ್ತಿದ್ದ ಜಾಗೀರದಾರನ ಕೈಯಲ್ಲಿ ಮೂರು ಹುಲಿ ಹೊಡೆಸಿದೆ. ಕೆರೆಯ ಮೆಟ್ಟಿಲ ಮೇಲೆ ರಾಣಿಯೊಬ್ಬಳಿಗೆ ಸ್ನಾನ ಮಾಡಿಸಿದೆ — ಯಾವ ರಾಣಿಯೆಂದು ಇವತ್ತಿನವರೆಗೂ ಒಬ್ಬನೂ ಕೇಳಿಲ್ಲ. ಇಷ್ಟು ಬರಿಯ ಮೂರ್ಖತನ. ಇದಕ್ಕೆ ತಪ್ಪೊಪ್ಪಿಗೆ ಬೇಕಿರಲಿಲ್ಲ.

ನಿಮ್ಮ ಓಣಿಯ ಹೆಂಗಸರು ಕೋಟೆಮನೆಯ ಕೆರೆಬಾಗಿಲು ದಾಟಿ ಆ ಮೆಟ್ಟಿಲಿನಿಂದಲೇ ನೀರಿಗೆ ಇಳಿಯುತ್ತಿದ್ದರು. ಚಹಾ ಕುಡಿಯುವ ಸಾಹೇಬರ ಕಣ್ಣಿಗೆ ಕೊಡಗಳು ಚೆನ್ನಾಗಿ ಕಾಣುವುದಿಲ್ಲವೆಂದು ಮಾಲೀಕ ಬಾಗಿಲಿಗೆ ಕೀಲಿ ಹಾಕಿಸಿದ. ನೀನು ಬಂದೆ — ಜಗಳಕ್ಕಲ್ಲ, ಓದಿಸುವುದಕ್ಕೆ.

"ಸಾಹೇಬ್ರ, ನೀವು ಓದಿದಾವ್ರು ಅದೀರಿ. ಈ ಬಾಗಿಲಾ ಕಟ್ಟಿಗಿ ಕಲ್ಲು ಹೊತ್ತ ನಮ್ಮ ಓಣ್ಯಾವ್ರಿಗಿ ಬಿಟ್ಟದ್ದು ಅಂತ ಕಲ್ಲಿನ್ಯಾಗ ಬರ್ದದ ಅಂತ ನಮ್ಮ ಮುತ್ಯಾ ಹೇಳ್ತಿದ್ದ. ಇದ್ರ ಅದ ಅನ್ರಿ. ಇಲ್ಲಂದ್ರ ಸುತ್ತು ಹಾಕಿ ಹೋಗ್ತೀವಿ."

ನನ್ನ ಉರ್ದು ಒಬ್ಬರಿಗೆ ನಿಜವಾಗಿ ಬೇಕಾದದ್ದು ಆಯುಷ್ಯದಲ್ಲಿ ಅದೊಂದೇ ಸಲ. ಹಿಂದೆ ಮಾಲೀಕ ನಿಂತಿದ್ದ. ಅವನ ಕಂಕುಳಲ್ಲಿ ಗಾಜು ಹಾಕಿಸಿದ ನನ್ನ ಇತಿಹಾಸ — ಮೊಳೆ ಹೊಡೆಯುವುದಷ್ಟೇ ಬಾಕಿ. ನಾನು ಕನ್ನಡಕ ಏರಿಸಿ, ಕೆಮ್ಮಿ, ತೀರ್ಪು ಕೊಡುವವನಂತೆ ಕತ್ತೆತ್ತಿದೆ.

"ಕಟ್ಟಿಸಿದವ್ರ ಹೆಸರದ. ದೇವ್ರು ಚೊಲೋ ಮಾಡ್ಲಿ ಅಂತದ. ಮತ್ತೇನಿಲ್ಲ."

ನೀನು ಕಲ್ಲನ್ನು ನೋಡಲಿಲ್ಲ, ನನ್ನನ್ನು ನೋಡಿದೆ.

"ಹಂಗಾರ ನಮ್ಮ ಮುತ್ಯಾ ಸುಳ್ಳು ಹೇಳ್ಯಾನೇನ್ರಿ?"

ಹೌದವ್ವ, ಎಂದೆ.

ನೀನು ಸೆರಗು ಸರಿ ಮಾಡಿಕೊಂಡು ಕಟ್ಟೆಯ ಆ ತುದಿಯ ದಾರಿ ಹಿಡಿದೆ. ನಿನ್ನ ಹಿಂದೆ ಇಡೀ ಓಣಿ. ನನ್ನ ಹಿಂದೆ ಮೊಳೆ ಹೊಡೆಯುವ ಸದ್ದು.

ಈಗ ನೀನಿಲ್ಲ. ಓಣಿಗೆ ನಳದ ನೀರು ಬಂದಿದೆ. ಕೆರೆಬಾಗಿಲು ಯಾರಿಗೂ ಬೇಕಾಗಿಲ್ಲ. ಗಾಜಿನೊಳಗೆ ಗೆದ್ದಲು ಹೊಕ್ಕು ಮೂರೂ ಹುಲಿಗಳನ್ನು ತಿಂದಿದೆ; ನನ್ನ ಹೆಸರನ್ನು ಮಾತ್ರ ಮುಟ್ಟಿಲ್ಲ — ಅದಕ್ಕೂ ಹೇಸಿಗೆ ಬಂದಿರಬೇಕು. ಅಷ್ಟೇ ಆಗಿದ್ದರೆ ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆನೋ ಏನೋ, ಅಷ್ಟು ನೀಚ ನಾನು. ಆದರೆ ಮೊನ್ನೆ ಸಂತೆಯಲ್ಲಿ ನಿನ್ನ ಮಗಳು ಬದನೆಕಾಯಿ ಮಾರುವವನಿಗೆ ಅಂದದ್ದು ಕೇಳಿದೆ: "ಹೋಗಪಾ, ಮುತ್ಯಾನ ಕಲ್ಲಿನ ಮಾತು ಹೇಳಬ್ಯಾಡ." ನಿಮ್ಮ ಮನೆಯಲ್ಲಿ ಸುಳ್ಳಿಗೆ ಈಗ ಅದೇ ಹೆಸರಂತೆ.

ನಾಳೆ ನಿನ್ನ ಮಗಳ ಬಾಗಿಲಿಗೆ ಹೋಗುತ್ತೇನೆ. ಒಳಗೆ ಕರೆಯದಿದ್ದರೆ ಓಣಿಯಲ್ಲೇ ನಿಂತು ಓದುತ್ತೇನೆ. ಕಲ್ಲಿನಲ್ಲಿ ಇರುವುದು ಇಷ್ಟು: "ಈ ಕಟ್ಟೆಗೆ ಕಲ್ಲು ಹೊತ್ತವರ ಮನೆತನಕ್ಕೆ, ಕೆರೆಯಲ್ಲಿ ನೀರಿರುವ ತನಕ, ಈ ಬಾಗಿಲು ಮುಚ್ಚತಕ್ಕದ್ದಲ್ಲ."

ನಿನ್ನ ಮುತ್ಯಾ ಒಂದಕ್ಷರವನ್ನೂ ಸೇರಿಸಿ ಹೇಳಿರಲಿಲ್ಲ, ಭೀಮವ್ವ.